ಹಳೆಯ ರೇಡಿಯೋಗಳ ಜಾತಕ

ಕುದುರೆಯ ವಯಸ್ಸನ್ನು ಅದರ ಹಲ್ಲಿನಿಂದ ಹೇಳುವರು. ಮರದ ವಯಸ್ಸನ್ನು ಕಾಂಡದೊಳಗಿನ ಬಳೆಗಳಿಂದ ಎಣಿಸುವರು. ದೇವಾಲಯದ ವಯಸ್ಸನ್ನು ಅದರ ಅಂಗಳದಲ್ಲಿ ನಿಂತಿರುವ ಶಾಸನದಿಂದ ತಿಳಿಯುವರು. ಆದರೆ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಹಳೆಯ ರೇಡಿಯೋ ಪೆಟ್ಟಿಗೆಯ ವಯಸ್ಸನ್ನು ತಿಳಿಯುವುದು ಹೇಗೆ? ಮನೆಯವರನ್ನು ಕೇಳಿದರೆ ‘ಅಜ್ಜನ ಕಾಲದ್ದು’ ಎಂಬ ಉತ್ತರ ಬರುವುದು. ಮಾತು ಸುಳ್ಳಲ್ಲ, ಆದರೆ ಸಾಲದು. ಅದು 1938ರದೋ, 1948ರದೋ, 1958ರದೋ? ರೇಡಿಯೋದ ಚರಿತ್ರೆಯಲ್ಲಿ ಹತ್ತು ವರ್ಷವೆಂದರೆ ಒಂದು ಯುಗವೇ ಸರಿ. ಆ ಹತ್ತು ವರ್ಷಗಳಲ್ಲಿ ವಾಲ್ವುಗಳ ಆಕಾರ ಬದಲಾಗಿದೆ, ಡಯಲಿನ ಮೇಲಿನ ಅಂಕೆಗಳು ಬದಲಾಗಿವೆ, ರಾಜ್ಯಗಳೇ ಬದಲಾಗಿವೆ.

ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಹಲಗೆಯನ್ನು ನೋಡಿದರೆ ಅಲ್ಲೊಂದು ಕಾಗದದ ಚೀಟಿಯೋ ಲೋಹದ ತಗಡೋ ಇರುವುದು. ಅದರಲ್ಲಿ ತಯಾರಕರ ಹೆಸರು, ಮಾದರಿಯ ಹೆಸರು, ಐದಾರು ಅಂಕೆಗಳ ಒಂದು ಕ್ರಮಾಂಕ ಇವಿಷ್ಟು ಕಾಣುವುವು. ಹಳೆಯ ರೇಡಿಯೋಗಳನ್ನು ಸಂಗ್ರಹಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಈ ಕ್ರಮಾಂಕದ ಮೇಲೆ. ಜಾತಕವೇ ಕೈಗೆ ಸಿಕ್ಕಿತೆಂದು ಅವರು ಹಿಗ್ಗುವರು. ಆದರೆ ಕ್ರಮಾಂಕವು ತಾನಾಗಿ ಕಾಲವನ್ನು ಹೇಳುವುದಿಲ್ಲ. ಅದರಿಂದ ಕಾಲವನ್ನು ಹೊರಡಿಸಬೇಕಾದರೆ ಬೇರೆ ಸಾಕ್ಷಿಗಳ ನೆರವು ಬೇಕು. ಆ ಸಾಕ್ಷಿಗಳು ಬಹುಮಟ್ಟಿಗೆ ಅದೇ ಪೆಟ್ಟಿಗೆಯ ಒಳಗೇ ಕುಳಿತಿರುವುವು. ಅವುಗಳನ್ನು ಗುರುತಿಸಿ, ಪರಸ್ಪರ ಹೋಲಿಸಿ, ತೀರ್ಮಾನಕ್ಕೆ ಬರುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಕ್ರಮಾಂಕವೆಂದರೇನು?

ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆಯಿರಿ. ಒಬ್ಬ ವಿದ್ಯಾರ್ಥಿಯ ಪ್ರವೇಶ ಸಂಖ್ಯೆ 4312 ಎಂದಾದರೆ, 4311ನೆಯವನು ಸೇರಿದ ಮೇಲೆ ಇವನು ಸೇರಿದನೆಂದು ಹೇಳಬಹುದು. ಅವನು ಯಾವ ವರ್ಷ ಸೇರಿದನೆಂಬುದನ್ನು ತಿಳಿಯಬೇಕಾದರೆ ಪುಸ್ತಕವನ್ನೇ ತೆರೆದು ನೋಡಬೇಕು. ಪುಸ್ತಕ ಗೆದ್ದಲಿಗೆ ಆಹಾರವಾಗಿದ್ದರೆ? ಸಂಖ್ಯೆ ಉಳಿದಿರುವುದು, ಅದರ ಅರ್ಥ ಅರ್ಧ ಹೋಗಿರುವುದು. ರೇಡಿಯೋದ ಕ್ರಮಾಂಕದ ಸ್ಥಿತಿಯೂ ಹೀಗೆಯೇ. ಅದು ಹೇಳುವುದು ಹಿಂದು ಮುಂದುಗಳ ಕ್ರಮವನ್ನು, ಕಾಲವನ್ನಲ್ಲ.

ಕಾರ್ಖಾನೆಯವರು ಈ ಸಂಖ್ಯೆಯನ್ನು ಮುಂದಿನ ಚರಿತ್ರಕಾರನ ಅನುಕೂಲಕ್ಕಾಗಿ ಹಾಕಲಿಲ್ಲ. ಗ್ಯಾರಂಟಿಯ ಲೆಕ್ಕವಿಡಲು, ಮಾರಾಟಗಾರನಿಗೆ ಕಳುಹಿಸಿದ ಸೆಟ್ಟು ಯಾವುದೆಂದು ಗುರುತಿಸಲು, ಒಳಗಿನ ಭಾಗವೊಂದನ್ನು ಬದಲಾಯಿಸಿದಾಗ ‘ಇಂಥ ಕ್ರಮಾಂಕದಿಂದ ಮುಂದಕ್ಕೆ ಈ ಬದಲಾವಣೆ’ ಎಂದು ರಿಪೇರಿಯವರಿಗೆ ತಿಳಿಸಲು ಅದನ್ನು ಬಳಸಿದರು. ಕ್ರಮಾಂಕಕ್ಕೂ ತಾರೀಖಿಗೂ ಇದ್ದ ಸಂಬಂಧ ಕಾರ್ಖಾನೆಯ ಕಡತದಲ್ಲಿತ್ತು. ಅಮೆರಿಕದ ಆಟ್‌ವಾಟರ್ ಕೆಂಟ್ ಸಂಸ್ಥೆ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ರೇಡಿಯೋ ತಯಾರಕರಲ್ಲಿ ಒಂದಾಗಿತ್ತು. 1936ರಲ್ಲಿ ಅದು ಬಾಗಿಲು ಮುಚ್ಚಿತು. ಫಿಲ್ಕೋ ಸಂಸ್ಥೆಯನ್ನು 1961ರಲ್ಲಿ ಫೋರ್ಡ್ ಮೋಟಾರು ಸಂಸ್ಥೆ ಕೊಂಡಿತು. ಹೀಗೆ ಸಂಸ್ಥೆಗಳು ಮುಚ್ಚಿದಾಗ, ಕೈ ಬದಲಾಯಿಸಿದಾಗ, ಹಳೆಯ ಕಡತಗಳನ್ನು ಕಾಪಾಡುವವರು ವಿರಳ.

ಇದಲ್ಲದೆ ಕ್ರಮಾಂಕಗಳು ಯಾವಾಗಲೂ 1ರಿಂದ ಆರಂಭವಾಗಬೇಕೆಂಬ ನಿಯಮವೇನೂ ಇಲ್ಲ. ಕೆಲವರು ಹಲವು ಮಾದರಿಗಳಿಗೆ ಒಂದೇ ಸರಣಿಯನ್ನು ಬಳಸುವರು; ಕೆಲವರು ಪ್ರತಿ ಮಾದರಿಗೂ ಬೇರೆ ಸರಣಿಯನ್ನು ತೊಡಗುವರು; ಮತ್ತೆ ಕೆಲವರು ಸಂಖ್ಯೆಗಳ ಒಂದು ದೊಡ್ಡ ಗುಂಪನ್ನು ಒಂದು ಮಾದರಿಗೆ ಮೀಸಲಿಟ್ಟು, ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಜಿಗಿಯುವರು. ಆದುದರಿಂದ ಒಂದೇ ಒಂದು ಸೆಟ್ಟಿನ ಕ್ರಮಾಂಕವನ್ನು ಹಿಡಿದು ಯಾರಾದರೂ ವರ್ಷವನ್ನು ನಿಸ್ಸಂದೇಹವಾಗಿ ಹೇಳಿದರೆ, ‘ಕಾರ್ಖಾನೆಯ ಪಟ್ಟಿ ನಿಮ್ಮಲ್ಲಿದೆಯೆ?’ ಎಂದು ಕೇಳುವುದು ಯುಕ್ತ.

ಪ್ರಯೋಗಶಾಲೆ ನೆರವಾಗಲಾರದೆ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆಯನ್ನು ಹಾಕಬಹುದು. ಪುರಾತನ ಮರದ ತುಂಡಿನ ವಯಸ್ಸನ್ನು ವಿಕಿರಣಶೀಲ ಇಂಗಾಲದಿಂದ ಅಳೆಯುವರಲ್ಲವೆ? ರೇಡಿಯೋದ ಪೆಟ್ಟಿಗೆಯೂ ಮರದ್ದೇ ಆದರೆ ಆ ವಿಧಾನವನ್ನು ಇಲ್ಲಿ ಏಕೆ ಬಳಸಬಾರದು? ಇಂಗಾಲ-14ರ ಅರ್ಧಾಯುಷ್ಯ ಸುಮಾರು 5730 ವರ್ಷ. 80 ವರ್ಷಗಳಲ್ಲಿ ಅದು ಕುಗ್ಗುವುದು ಶೇಕಡ 1ರಷ್ಟು ಮಾತ್ರ. ಇಷ್ಟು ಸಣ್ಣ ವ್ಯತ್ಯಾಸದಿಂದ 1938ನ್ನೂ 1948ನ್ನೂ ಬೇರ್ಪಡಿಸುವುದು ಆಗದ ಮಾತು. ಅಲ್ಲದೆ ಆ ಅಳತೆಯಿಂದ ತಿಳಿಯುವುದು ಮರ ಬೆಳೆದ ಕಾಲವೇ ಹೊರತು ಬಡಗಿ ಪೆಟ್ಟಿಗೆ ಮಾಡಿದ ಕಾಲವಲ್ಲ. ಸಾವಿರಾರು ವರ್ಷಗಳನ್ನು ಅಳೆಯುವ ಕೋಲಿನಿಂದ ಹತ್ತು ವರ್ಷಗಳನ್ನು ಅಳೆಯಲಾಗದು. ನಾವು ಬೇರೆ ಕೋಲನ್ನು ಹುಡುಕಬೇಕು.

ಯುದ್ಧರಂಗದಲ್ಲಿ ಕ್ರಮಾಂಕಗಳು

ಒಂದು ಕ್ರಮಾಂಕ ಮೂಕವಾಗಿರಬಹುದು. ಹಲವು ಕ್ರಮಾಂಕಗಳು ಒಟ್ಟುಗೂಡಿದರೆ ಮಾತನಾಡತೊಡಗುವುವು. ಇದಕ್ಕೆ ಪ್ರಸಿದ್ಧ ನಿದರ್ಶನ ಎರಡನೆಯ ಮಹಾಯುದ್ಧದ್ದು. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕುಗಳನ್ನು ತಯಾರಿಸುತ್ತಿದೆ ಎಂಬುದನ್ನು ತಿಳಿಯಲು ಮಿತ್ರರಾಷ್ಟ್ರಗಳು ಹೆಣಗುತ್ತಿದ್ದುವು. ಗೂಢಚಾರರ ವರದಿಗಳು ಒಂದು ಕಡೆ. ಇನ್ನೊಂದು ಕಡೆ ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ, ನಾಶವಾದ ಟ್ಯಾಂಕುಗಳ ಭಾಗಗಳ ಮೇಲಿನ ಕ್ರಮಾಂಕಗಳನ್ನು ಬರೆದುಕೊಂಡು ಲೆಕ್ಕ ಹಾಕಿದರು. 1940ರ ಜೂನ್ ತಿಂಗಳಿಗೆ ಗೂಢಚಾರರ ಅಂದಾಜು 1000; ಸಂಖ್ಯಾಶಾಸ್ತ್ರಜ್ಞರ ಅಂದಾಜು 169. ಯುದ್ಧಾನಂತರ ಜರ್ಮನಿಯ ಕಡತಗಳನ್ನು ನೋಡಿದಾಗ ನಿಜವಾದ ಸಂಖ್ಯೆ 122 ಎಂದು ತಿಳಿಯಿತು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರು 1550 ಎಂದರು, ಸಂಖ್ಯಾಶಾಸ್ತ್ರಜ್ಞರು 327 ಎಂದರು, ಕಡತದಲ್ಲಿದ್ದುದು 342.

ಇದರ ಹಿಂದಿನ ತರ್ಕ ಸರಳವಾದುದು. ಒಂದು ಸರಣಿ 1ರಿಂದ ಆರಂಭವಾಗಿದೆ ಎಂದೂ ನಮ್ಮ ಕೈಗೆ ಸಿಕ್ಕಿದ ಸೆಟ್ಟುಗಳು ಯಾವ ಪಕ್ಷಪಾತವೂ ಇಲ್ಲದೆ ಸಿಕ್ಕಿವೆ ಎಂದೂ ಭಾವಿಸೋಣ. ಐದು ಸೆಟ್ಟುಗಳ ಕ್ರಮಾಂಕಗಳು 112, 347, 581, 690, 845 ಆಗಿರಲಿ. ತಯಾರಾದುವು ಕಡೆಯ ಪಕ್ಷ 845 ಎಂಬುದು ಸ್ಪಷ್ಟ. ಆದರೆ ಸರಣಿಯ ಕಟ್ಟಕಡೆಯ ಸೆಟ್ಟೇ ನಮಗೆ ಸಿಕ್ಕಿರುವ ಸಂಭವ ಕಡಿಮೆ. ಸಿಕ್ಕ ಸಂಖ್ಯೆಗಳ ನಡುವೆ ಎಷ್ಟು ಸರಾಸರಿ ತೆರಪಿದೆಯೋ ಸುಮಾರು ಅಷ್ಟೇ ತೆರಪು ದೊಡ್ಡ ಸಂಖ್ಯೆಯ ಆಚೆಗೂ ಇರಬೇಕೆಂದು ಊಹಿಸುವುದು ನ್ಯಾಯ. ಆದುದರಿಂದ ಅತಿ ದೊಡ್ಡ ಸಂಖ್ಯೆಯನ್ನು ಸೆಟ್ಟುಗಳ ಎಣಿಕೆಯಿಂದ ಭಾಗಿಸಿ, ಬಂದುದನ್ನು ಅದೇ ದೊಡ್ಡ ಸಂಖ್ಯೆಗೆ ಕೂಡಿಸಿ, 1ನ್ನು ಕಳೆಯುವರು. 845ನ್ನು 5ರಿಂದ ಭಾಗಿಸಿದರೆ 169, ಕೂಡಿಸಿದರೆ 1014, 1ನ್ನು ಕಳೆದರೆ 1013. ತಯಾರಾದ ಸೆಟ್ಟುಗಳು ಸುಮಾರು 1013. ಎರಡು ಊಹೆಗಳಲ್ಲಿ ಯಾವುದು ತಪ್ಪಿದರೂ ಉತ್ತರವೂ ತಪ್ಪುವುದು ಎಂಬುದನ್ನು ಮಾತ್ರ ಮರೆಯಬಾರದು.

ಹೀಗೆ ಸಂಗ್ರಾಹಕರು ತಂತಮ್ಮ ಸೆಟ್ಟುಗಳ ಕ್ರಮಾಂಕಗಳನ್ನು ಒಂದೆಡೆ ಸೇರಿಸಿದರೆ, ಕಾರ್ಖಾನೆಯ ಕಳೆದುಹೋದ ಪುಸ್ತಕದ ಕೆಲವು ಪುಟಗಳನ್ನಾದರೂ ಮತ್ತೆ ಬರೆಯಬಹುದು. ಆದರೆ ಈಗಲೂ ನಮ್ಮಲ್ಲಿರುವುದು ಎಣಿಕೆಯೇ ಹೊರತು ತಾರೀಖಲ್ಲ. ತಾರೀಖು ಎಲ್ಲಿದೆ?

ಹತ್ತು ವರ್ಷದ ಸಂವತ್ಸರ ಚಕ್ರ

ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಬಿಚ್ಚಿದರೆ ವಾಲ್ವುಗಳು, ಕಂಡೆನ್ಸರುಗಳು, ಟ್ರಾನ್ಸ್‌ಫಾರ್ಮರು, ಸ್ಪೀಕರು ಮೊದಲಾದ ಭಾಗಗಳು ಕಾಣುವುವು. ಇವೆಲ್ಲವನ್ನೂ ರೇಡಿಯೋ ತಯಾರಕರೇ ಮಾಡಿದವರಲ್ಲ. ಬೇರೆ ಬೇರೆ ಕಾರ್ಖಾನೆಗಳಿಂದ ತರಿಸಿ ಜೋಡಿಸಿದವರು. ಆ ಭಾಗಗಳನ್ನು ಮಾಡಿದವರು ತಮ್ಮ ಲೆಕ್ಕಕ್ಕಾಗಿ ಅವುಗಳ ಮೇಲೆ ತಾರೀಖಿನ ಸಂಕೇತವನ್ನು ಒತ್ತಿದ್ದಾರೆ. ಕ್ರಮಾಂಕ ಮರೆಮಾಡಿದ ಕಾಲವನ್ನು ಈ ಸಂಕೇತಗಳು ಬಯಲುಮಾಡುವುವು.

ಅಮೆರಿಕದ ಭಾಗಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕೆಗಳು ತಯಾರಕರನ್ನೂ, ಅನಂತರದ ಒಂದೋ ಎರಡೋ ಅಂಕೆಗಳು ವರ್ಷವನ್ನೂ, ಕೊನೆಯ ಎರಡು ಅಂಕೆಗಳು ಆ ವರ್ಷದ ವಾರವನ್ನೂ ಸೂಚಿಸುವುವು. 220 ಎಂಬುದು ಜೆನ್ಸೆನ್ ಎಂಬ ಸ್ಪೀಕರು ತಯಾರಕರ ಸಂಖ್ಯೆ. 137 ಎಂಬುದು ಧ್ವನಿಯನ್ನು ಏರಿಳಿಸುವ ವಾಲ್ಯೂಮ್ ಕಂಟ್ರೋಲುಗಳನ್ನು ಮಾಡುತ್ತಿದ್ದ ಸಿ.ಟಿ.ಎಸ್. ಸಂಸ್ಥೆಯದು. ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ 1375433 ಎಂದಿದ್ದರೆ ಅದು 1954ರ 33ನೆಯ ವಾರದ್ದು, ಎಂದರೆ ಆಗಸ್ಟ್ ತಿಂಗಳಿನದು. ಯೂರೋಪಿನ ಫಿಲಿಪ್ಸ್ ಬಳಗದ ಕಾರ್ಖಾನೆಗಳು ವಾಲ್ವಿನ ಗಾಜಿನ ಮೇಲೆ ಮಸುಕಾದ ಸಣ್ಣ ಅಕ್ಷರಗಳಲ್ಲಿ ಸಂಕೇತವನ್ನು ಮುದ್ರಿಸುತ್ತಿದ್ದುವು. ‘ಬಿ4ಕೆ2’ ಎಂಬುದನ್ನು ತೆಗೆದುಕೊಳ್ಳಿ. ಬಿ ಎಂದರೆ ಇಂಗ್ಲೆಂಡಿನ ಬ್ಲಾಕ್‌ಬರ್ನ್ ಕಾರ್ಖಾನೆ. 4 ಎಂಬುದು ವರ್ಷದ ಕೊನೆಯ ಅಂಕೆ. ಜನವರಿಯಿಂದ ಡಿಸೆಂಬರಿನವರೆಗೆ ಇಂಗ್ಲಿಷಿನ ಮೊದಲ ಹನ್ನೆರಡು ಅಕ್ಷರಗಳನ್ನು ಹಂಚಿದರೆ ಹನ್ನೊಂದನೆಯದಾದ ಕೆ ನವೆಂಬರಿಗೆ ಸಲ್ಲುವುದು. 2 ಎಂದರೆ ಎರಡನೆಯ ವಾರ.

ಇಲ್ಲೊಂದು ತೊಡಕುಂಟು. ವರ್ಷಕ್ಕೆ ಒಂದೇ ಅಂಕೆ ಇರುವಾಗ, 4 ಎಂಬುದು 1964 ಆಗಬಹುದು, 1974 ಕೂಡ ಆಗಬಹುದು. ಈ ತೊಡಕು ನಮಗೆ ಹೊಸದಲ್ಲ. ಮನೆಯ ಹಿರಿಯರು ‘ವಿಕಾರಿ ಸಂವತ್ಸರದಲ್ಲಿ ಹುಟ್ಟಿದವನು’ ಎಂದು ಹೇಳುವುದುಂಟು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುವು. 1959ರಲ್ಲಿ ಬಂದ ವಿಕಾರಿಯೇ 2019ರಲ್ಲಿಯೂ ಬಂದಿತು. ಹೇಳಿದವರ ಮುಖ ನೋಡಿ ನಾವು ಯಾವ ವಿಕಾರಿಯೆಂದು ತಿಳಿಯುತ್ತೇವೆ. ಶಕವರ್ಷವನ್ನು ಕೊಡದೆ ಸಂವತ್ಸರದ ಹೆಸರನ್ನು ಮಾತ್ರ ಹೇಳುವ ಶಾಸನ ಸಿಕ್ಕಿದಾಗ ಶಾಸನತಜ್ಞರು ಅರಸನ ಹೆಸರು, ಲಿಪಿಯ ರೂಪ, ಗ್ರಹಣದ ಉಲ್ಲೇಖ ಇವುಗಳ ನೆರವಿನಿಂದ ಯಾವ ಸುತ್ತಿನ ಸಂವತ್ಸರವೆಂದು ನಿರ್ಣಯಿಸುವರು. ರೇಡಿಯೋದ ಸಂಕೇತ ಹತ್ತು ವರ್ಷದ ಸಂವತ್ಸರ ಚಕ್ರ. ಯಾವ ಸುತ್ತೆಂಬುದನ್ನು ಹೇಳಲು ಇಲ್ಲಿಯೂ ಅರಸನ ಹೆಸರೂ ಲಿಪಿಯೂ ಬೇಕು.

ಕೆಳಗಡಿ, ಮೇಲ್ಗಡಿ

ಯಾವ ವಸ್ತುವೂ ತನ್ನ ಭಾಗಗಳಿಗಿಂತ ಹಳೆಯದಾಗಿರಲಾರದು. ಈ ಸಣ್ಣ ಮಾತೇ ಕಾಲನಿರ್ಣಯದ ಮುಖ್ಯ ಸೂತ್ರ. ಸೆಟ್ಟಿನಲ್ಲಿರುವ ಮೂಲ ಭಾಗಗಳ ಪೈಕಿ ಅತಿ ಹೊಸದು ಯಾವುದೋ ಅದು ಕೆಳಗಡಿಯನ್ನು ಕೊಡುವುದು. ಸೆಟ್ಟು ಅದಕ್ಕಿಂತ ಮುಂಚೆ ಹುಟ್ಟಿರಲಾರದು. ಹಾಗೆಯೇ ಯಾವುದಾದರೂ ಒಂದು ಗುರುತು ‘ಇದಕ್ಕಿಂತ ಈಚಿನದಾಗಿರಲಾರದು’ ಎಂಬ ಮೇಲ್ಗಡಿಯನ್ನು ಕೊಡುವುದು. ಎರಡು ಗಡಿಗಳನ್ನು ಹತ್ತಿರ ಹತ್ತಿರಕ್ಕೆ ತರುವುದೇ ನಮ್ಮ ಕೆಲಸ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಬರೆದು ಅದರ ಮುಂದೆ ಹೆಚ್ಚುಕಡಮೆಯನ್ನು ಬರೆಯುವಂತೆ, ಇಲ್ಲಿಯೂ ‘1946, ಆರು ತಿಂಗಳು ಹೆಚ್ಚುಕಡಮೆ’ ಎಂದು ಬರೆಯುವುದು ಪ್ರಾಮಾಣಿಕವಾದ ಉತ್ತರ.

ವಾಲ್ವುಗಳ ರೂಪ ಇಲ್ಲಿ ಲಿಪಿಯ ಕೆಲಸವನ್ನು ಮಾಡುವುದು. ಮನೆಯ ವಿದ್ಯುತ್ತಿನಿಂದಲೇ ತಂತು ಕಾಯುವ ವಾಲ್ವುಗಳನ್ನುಳ್ಳ ಅಮೆರಿಕದ ಸೆಟ್ಟುಗಳು 1927ರ ಸುಮಾರಿಗೆ ಬಂದುವು. ಅದಕ್ಕೆ ಹಿಂದೆ ಬ್ಯಾಟರಿಗಳ ಸಾಲೇ ಆಧಾರ. ಎಂಟು ಕಾಲುಗಳ ‘ಆಕ್ಟಲ್’ ತಳವೂ, ನಿಲ್ದಾಣ ಸರಿಯಾಗಿ ಸಿಕ್ಕಿದಾಗ ಹಸಿರು ಬೆಳಕು ಕೂಡಿಕೊಳ್ಳುವ ‘ಮಾಯಾ ಕಣ್ಣು’ ಎಂಬ ವಾಲ್ವೂ 1935ರವು. ಬೆರಳಿನಷ್ಟೇ ದಪ್ಪವಾದ, ಏಳು ಕಾಲುಗಳ ಪುಟ್ಟ ವಾಲ್ವುಗಳು 1940ರ ಹೊತ್ತಿಗೆ ಬಂದುವು. ಒಂಬತ್ತು ಕಾಲುಗಳವು ಮಹಾಯುದ್ಧ ಮುಗಿದ ಮೇಲೆ ಹರಡಿದುವು. ಟ್ರಾನ್ಸಿಸ್ಟರು 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು; ಟ್ರಾನ್ಸಿಸ್ಟರುಗಳಿಂದ ಮಾಡಿದ ಮೊದಲ ಮಾರಾಟದ ರೇಡಿಯೋ, ರೀಜೆನ್ಸಿ ಟಿಆರ್-1, 1954ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ನಾಲ್ಕೇ.

ಇನ್ನೊಂದು ಸಾಕ್ಷಿ ಪೇಟೆಂಟು ಚೀಟಿ. ಅಮೆರಿಕದ ಸೆಟ್ಟುಗಳ ಒಳಗೆ ಪೇಟೆಂಟು ಸಂಖ್ಯೆಗಳ ಉದ್ದನೆಯ ಪಟ್ಟಿಯೊಂದನ್ನು ಅಂಟಿಸಿರುವುದುಂಟು. ಪೇಟೆಂಟು ಸಂಖ್ಯೆಯೂ ಒಂದು ಕ್ರಮಾಂಕವೇ. ಆದರೆ ಇದರ ದಾಖಲಾತಿ ಪುಸ್ತಕ ಸರ್ಕಾರದ ಕೈಯಲ್ಲಿ ಸುರಕ್ಷಿತವಾಗಿದೆ, ಯಾರು ಬೇಕಾದರೂ ನೋಡಬಹುದು. ಅಮೆರಿಕದ 20 ಲಕ್ಷದನೆಯ ಪೇಟೆಂಟನ್ನು ಕೊಟ್ಟದ್ದು 1935ರ ಏಪ್ರಿಲ್ 30ರಂದು. 30 ಲಕ್ಷದನೆಯದನ್ನು 1961ರ ಸೆಪ್ಟೆಂಬರ್ 12ರಂದು. 20 ಲಕ್ಷವನ್ನು ಮೀರಿದ ಸಂಖ್ಯೆ ಚೀಟಿಯಲ್ಲಿದ್ದರೆ ಸೆಟ್ಟು 1935ರ ಏಪ್ರಿಲ್‌ಗಿಂತ ಹಿಂದಿನದಲ್ಲ. ದಾಖಲೆ ಉಳಿದ ಕ್ರಮಾಂಕಕ್ಕೂ ದಾಖಲೆ ಅಳಿದ ಕ್ರಮಾಂಕಕ್ಕೂ ಇರುವ ಅಂತರ ಇದರಿಂದ ಚೆನ್ನಾಗಿ ಮನವರಿಕೆಯಾಗುವುದು.

ಮಾದರಿಯ ಹೆಸರಿನಲ್ಲಿಯೇ ವರ್ಷ ಅಡಗಿರುವುದೂ ಉಂಟು. ಫಿಲ್ಕೋ ಸಂಸ್ಥೆಯ 37-116 ಎಂಬ ಮಾದರಿ 1937ರ ಸಾಲಿನದು. ಆದರೆ ಆ ‘ಸಾಲು’ ಹಿಂದಿನ ವರ್ಷದ ಮಧ್ಯದಲ್ಲಿಯೇ ಆರಂಭವಾಗುತ್ತಿದ್ದುದರಿಂದ, ಸೆಟ್ಟು 1936ರಲ್ಲಿಯೇ ಅಂಗಡಿಗೆ ಬಂದಿರಬಹುದು. ಹೆಸರಿನ ಅಂಕೆಯನ್ನು ನಂಬಿ ಮೋಸಹೋಗುವುದಕ್ಕೂ ಅವಕಾಶವುಂಟು. ಜರ್ಮನಿಯಲ್ಲಿ 1933ರಲ್ಲಿ ಹೊರಬಂದ ‘ಜನತಾ ರೇಡಿಯೋ’ದ ಮಾದರಿ ವಿಇ301. ಇದರಲ್ಲಿನ 301 ಕ್ರಮಾಂಕವೂ ಅಲ್ಲ, ತಯಾರಿಯ ದಿನವೂ ಅಲ್ಲ. ಹಿಟ್ಲರನು ಅಧಿಕಾರಕ್ಕೆ ಬಂದ ಜನವರಿ 30ರ ನೆನಪು. ಪ್ರಚಾರದ ಸಲಕರಣೆಯಾದ ಆ ಸೆಟ್ಟಿನ ಹೆಸರೂ ಪ್ರಚಾರವೇ ಆಗಿತ್ತು.

ಡಯಲಿನ ಸಾಕ್ಷ್ಯ

ಇನ್ನು ಮುಂಬದಿಯ ಗಾಜಿನ ಫಲಕವನ್ನು ನೋಡೋಣ. ಡಯಲು ಅಂದಿನ ಆಕಾಶದ ನಕ್ಷೆ. ಯಾವ ನಿಲ್ದಾಣ ಯಾವ ತರಂಗಾಂತರದಲ್ಲಿ ಕೇಳಿಸುತ್ತಿತ್ತು ಎಂಬುದನ್ನು ಅದು ತೋರಿಸುವುದು. ಭೂಪಟದಂತೆಯೇ ಇದೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಯೂರೋಪಿನ ನಿಲ್ದಾಣಗಳ ತರಂಗಾಂತರಗಳನ್ನು 1948ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಹೊಸದಾಗಿ ಹಂಚಿದರು. ಆ ಏರ್ಪಾಡು 1950ರ ಮಾರ್ಚ್ 15ರಂದು ಜಾರಿಗೆ ಬಂದಿತು. ಯೂರೋಪಿನ ಡಯಲಿನಲ್ಲಿ ಊರುಗಳು ಕುಳಿತಿರುವ ಸ್ಥಾನ ಹಳೆಯ ಹಂಚಿಕೆಯದೋ ಹೊಸ ಹಂಚಿಕೆಯದೋ ಎಂದು ನೋಡಿದರೆ ಆ ದಿನದ ಹಿಂದು ಮುಂದು ತಿಳಿಯುವುದು.

ಅಮೆರಿಕದ ಎಫ್.ಎಂ. ಪ್ರಸಾರ ಮೊದಲು 42ರಿಂದ 50 ಮೆಗಾಸೈಕಲ್‌ಗಳ ನಡುವೆ ಇತ್ತು. 1945ರಲ್ಲಿ ಅದನ್ನು 88ರಿಂದ 108ಕ್ಕೆ ಸ್ಥಳಾಂತರಿಸಲು ಅಲ್ಲಿನ ಸರ್ಕಾರ ತೀರ್ಮಾನಿಸಿತು. ಹಳೆಯ ಪಟ್ಟಿಯನ್ನು ಮಾತ್ರ ತೋರಿಸುವ ಸೆಟ್ಟು ಬಹುಮಟ್ಟಿಗೆ ಯುದ್ಧಕ್ಕೆ ಮುಂಚಿನದು. 1942ರ ಏಪ್ರಿಲ್‌ನಲ್ಲಿ ಅಮೆರಿಕವು ಮನೆಬಳಕೆಯ ರೇಡಿಯೋಗಳ ತಯಾರಿಕೆಯನ್ನೇ ನಿಲ್ಲಿಸಿದ್ದರಿಂದ, ಅಲ್ಲಿಂದ ಯುದ್ಧ ಮುಗಿಯುವವರೆಗೆ ಒಂದು ದೊಡ್ಡ ತೆರಪೂ ಉಂಟು. ಮುಂದೆ 1950ರ ದಶಕದಲ್ಲಿ, ಶತ್ರುವಿಮಾನಗಳ ದಾಳಿಯಾದರೆ ಎಲ್ಲರೂ 640 ಅಥವಾ 1240 ಕಿಲೋಸೈಕಲ್‌ಗಳಲ್ಲಿ ಮಾತ್ರ ಎಚ್ಚರಿಕೆಯನ್ನು ಕೇಳಬೇಕೆಂಬ ಏರ್ಪಾಡಿಗಾಗಿ, ಡಯಲಿನ ಮೇಲೆ ಆ ಎರಡು ಸ್ಥಳಗಳಲ್ಲಿ ಸಣ್ಣ ತ್ರಿಕೋನಗಳನ್ನು ಮುದ್ರಿಸಿದರು. 1963ರಲ್ಲಿ ಆ ಏರ್ಪಾಡು ಕೊನೆಗೊಂಡಿತು.

ಸಾಕ್ಷಿ ಯಾವ ದೇಶದ್ದೆಂಬುದನ್ನು ಮಾತ್ರ ಮರೆಯಬಾರದು. ಇಂಗ್ಲಿಷ್ ಡಯಲುಗಳಲ್ಲಿ ‘ಕಿಲೋಸೈಕಲ್’ ಹೋಗಿ ‘ಕಿಲೋಹರ್ಟ್ಸ್’ ಬಂದಿದ್ದರೆ ಸೆಟ್ಟು 1960ರ ಈಚಿನದೆಂದು ಸಾಮಾನ್ಯವಾಗಿ ಹೇಳಬಹುದು. 1960ರಲ್ಲಿ ಅಂತರರಾಷ್ಟ್ರೀಯ ಮಾನವ್ಯವಸ್ಥೆ ಹರ್ಟ್ಸನ್ನು ಅಂಗೀಕರಿಸಿತು. ಆದರೆ ಹರ್ಟ್ಸ್ ಹುಟ್ಟಿದ ಜರ್ಮನಿಯಲ್ಲಿ ಆ ಮಾನ ಯುದ್ಧಕ್ಕೆ ಮುಂಚೆಯೇ ಬಳಕೆಯಲ್ಲಿತ್ತು. ಒಂದು ದೇಶದ ಸೂತ್ರವನ್ನು ಇನ್ನೊಂದು ದೇಶದ ಸೆಟ್ಟಿಗೆ ಹಚ್ಚಿದರೆ ಇಪ್ಪತ್ತು ವರ್ಷಗಳ ತಪ್ಪಾಗಬಹುದು.

ಒಂದು ಉದಾಹರಣೆ

ಇಷ್ಟು ಸಾಮಗ್ರಿಯಿಂದ ಲೆಕ್ಕವನ್ನು ಮಾಡುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಅಮೆರಿಕದ ಒಂದು ಮೇಜಿನ ರೇಡಿಯೋ, ಕ್ರಮಾಂಕ 48215. ಸ್ಪೀಕರಿನ ಮೇಲೆ 220628. ವಾಲ್ಯೂಮ್ ಕಂಟ್ರೋಲಿನ ಮೇಲೆ 137631. ಎರಡೂ ವರ್ಷಾಂಕೆ 6ರವು. ವಾರಗಳು 28 ಮತ್ತು 31. ಆದುದರಿಂದ 1936, 1946, 1956 ಈ ಮೂರರಲ್ಲಿ ಒಂದು. ಪೇಟೆಂಟು ಚೀಟಿಯಲ್ಲಿ 22 ಲಕ್ಷವನ್ನು ಮೀರಿದ ಒಂದು ಸಂಖ್ಯೆಯಿದೆ. ಅಂಥ ಸಂಖ್ಯೆಗಳನ್ನು ಕೊಡತೊಡಗಿದ್ದು 1940ರಲ್ಲಿ. 1936 ಬಿದ್ದುಹೋಯಿತು. ಡಯಲಿನ ಮೇಲೆ ಎಚ್ಚರಿಕೆಯ ತ್ರಿಕೋನಗಳಿಲ್ಲ; ವಾಲ್ವುಗಳೆಲ್ಲ ಆಕ್ಟಲ್ ತಳದವು, ಪುಟ್ಟ ವಾಲ್ವು ಒಂದೂ ಇಲ್ಲ. 1956 ಬಿದ್ದುಹೋಯಿತು. ಉಳಿದುದು 1946. ಹೊಸ ಭಾಗ 31ನೆಯ ವಾರದ್ದಾದುದರಿಂದ ಸೆಟ್ಟು ಜುಲೈ ಕೊನೆಗಿಂತ ಮುಂಚಿನದಲ್ಲ. ಭಾಗಗಳು ಉಗ್ರಾಣದಲ್ಲಿ ಕೆಲವು ವಾರ ಕಾದಿರಬಹುದು. 1946ರ ಉತ್ತರಾರ್ಧ ಎಂದು ಧೈರ್ಯವಾಗಿ ಬರೆಯಬಹುದು.

ಈಗ ಅದೇ ಮಾದರಿಯ ಇನ್ನೊಂದು ಸೆಟ್ಟು ದೊರೆಯಿತು, ಕ್ರಮಾಂಕ 74215, ಭಾಗಗಳಲ್ಲಿ ಅತಿ ಹೊಸದು 1947ರ 5ನೆಯ ವಾರದ್ದು. ಎರಡರ ನಡುವೆ 26 ವಾರ, 26000 ಸೆಟ್ಟು. ವಾರಕ್ಕೆ ಸುಮಾರು 1000. ಮೂರನೆಯ ಸೆಟ್ಟೊಂದರ ಕ್ರಮಾಂಕ 60215, ಆದರೆ ಅದರ ಒಳಭಾಗಗಳನ್ನೆಲ್ಲ ಯಾರೋ ಬದಲಾಯಿಸಿಬಿಟ್ಟಿದ್ದಾರೆ. ಮೊದಲನೆಯದಕ್ಕಿಂತ ಅದು 12000 ಸೆಟ್ಟು ಮುಂದೆ, ಎಂದರೆ 12 ವಾರ ಮುಂದೆ. 1946ರ ಅಕ್ಟೋಬರ್ ಎಂದು ಅದಕ್ಕೂ ಕಾಲವನ್ನು ನಿರ್ಣಯಿಸಬಹುದು. ತಯಾರಿಕೆ ಎಲ್ಲ ವಾರಗಳಲ್ಲಿಯೂ ಸಮನಾಗಿತ್ತೆಂಬುದು ಇಲ್ಲಿನ ಊಹೆ. ಕ್ರಿಸ್‌ಮಸ್ಸಿನ ಮಾರಾಟಕ್ಕಾಗಿ ಕಾರ್ಖಾನೆ ಹೆಚ್ಚು ದುಡಿದಿದ್ದರೆ ಒಂದೆರಡು ವಾರಗಳ ವ್ಯತ್ಯಾಸವಾಗುವುದು. ಕಾಲ ತಿಳಿದ ಎರಡು ಸೆಟ್ಟುಗಳ ನಡುವೆ ಸಿಕ್ಕಿದೊಡನೆ ಮೂಕವಾಗಿದ್ದ ಕ್ರಮಾಂಕಕ್ಕೆ ಬಾಯಿ ಬಂದಿತು ಎಂಬುದನ್ನು ಗಮನಿಸಿ.

ನಮ್ಮ ನಾಡಿನ ಸೆಟ್ಟುಗಳು

ನಮ್ಮ ಮನೆಗಳಲ್ಲಿ ಉಳಿದಿರುವ ಮರ್ಫಿ, ಫಿಲಿಪ್ಸ್, ಬುಷ್, ನ್ಯಾಷನಲ್ ಎಕ್ಕೋ ಮೊದಲಾದ ಸೆಟ್ಟುಗಳಿಗೂ ಇದೇ ವಿಧಾನವನ್ನು ಅನ್ವಯಿಸಬಹುದು. ಜತೆಗೆ ನಮ್ಮದೇ ಆದ ಕೆಲವು ಸಾಕ್ಷಿಗಳೂ ಇವೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನ ನಿಲ್ದಾಣವನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದ್ದು 1935ರಲ್ಲಿ. ಧಾರವಾಡದ ನಿಲ್ದಾಣ 1950ರಲ್ಲಿಯೂ ಬೆಂಗಳೂರಿನ ನಿಲ್ದಾಣ 1955ರಲ್ಲಿಯೂ ಪ್ರಾರಂಭವಾದುವು. ಡಯಲಿನ ಮೇಲೆ ಧಾರವಾಡದ ಹೆಸರು ಅಚ್ಚಾಗಿದ್ದರೆ ಆ ಫಲಕ ಯಾವ ಕಾಲಕ್ಕಿಂತ ಹಿಂದಿನದಲ್ಲವೆಂಬುದನ್ನು ವಾಚಕರೇ ಹೇಳಬಲ್ಲರು.

ರಸೀದಿ ಸಿಕ್ಕಿದರಂತೂ ಭಾಗ್ಯವೇ ಸರಿ. ಅದರ ತಾರೀಖು ಹರಿದುಹೋಗಿದ್ದರೂ ನಾಣ್ಯ ಮಾತನಾಡುವುದು. ಬೆಲೆ ರೂಪಾಯಿ ಆಣೆಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು; ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರೊಳಗಿನದು. ರೇಡಿಯೋ ಇಟ್ಟುಕೊಳ್ಳಲು ಆಗ ಅಂಚೆ ಕಚೇರಿಯಿಂದ ಲೈಸೆನ್ಸು ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಸೆಟ್ಟಿನೊಡನೆ ಲೈಸೆನ್ಸು ಪುಸ್ತಕ ಉಳಿದಿದ್ದರೆ, ಅದರ ಮೊದಲ ಮುದ್ರೆ ಮೇಲ್ಗಡಿಯನ್ನು ಕೊಡುವುದು; ಲೈಸೆನ್ಸು ಆ ಸೆಟ್ಟಿನದೇ ಆಗಿದ್ದ ಪಕ್ಷದಲ್ಲಿ, ಸೆಟ್ಟು ಅದಕ್ಕೆ ಮುಂಚೆ ತಯಾರಾಗಿರಲೇಬೇಕು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಸ್ಥಾಪನೆಯಾಗಿ, 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ತಯಾರಿಸಿತು. ಉಳಿದ ಭಾಗಗಳೆಲ್ಲ 1955ರವೆಂದು ಹೇಳುವ ಸೆಟ್ಟಿನಲ್ಲಿ ಬಿ.ಇ.ಎಲ್. ಮುದ್ರೆಯ ವಾಲ್ವೊಂದಿದ್ದರೆ ಸೆಟ್ಟನ್ನು 1960ರ ದಶಕಕ್ಕೆ ತಳ್ಳಬಾರದು. ಅದು ಮುಂದೆ ರಿಪೇರಿಯಾದಾಗ ಸೇರಿಸಿದ ವಾಲ್ವು. ಮೂಲ ಭಾಗವನ್ನೂ ಅನಂತರ ಸೇರಿದ ಭಾಗವನ್ನೂ ಬೇರ್ಪಡಿಸುವುದು ಈ ವಿದ್ಯೆಯ ಕಷ್ಟದ ಹಂತ. ಬೆಸುಗೆಯ ಹೊಳಪು, ತಂತಿಯ ಬಣ್ಣ, ಧೂಳಿನ ಪದರ ಇವುಗಳನ್ನು ಸೂಕ್ಷ್ಮವಾಗಿ ನೋಡಬೇಕು. ಆದರೂ ಆ ವಾಲ್ವನ್ನು ಕಿತ್ತೆಸೆಯಬೇಕಾಗಿಲ್ಲ. ಆ ಮನೆಯವರು ಸೆಟ್ಟನ್ನು ಅಷ್ಟು ವರ್ಷ ಬಳಸಿ, ಕೆಟ್ಟಾಗ ಸರಿಪಡಿಸಿಕೊಂಡು ಮತ್ತೆ ಕೇಳಿದರೆಂಬುದಕ್ಕೆ ಅದೂ ಒಂದು ದಾಖಲೆ.

ಸಾಕ್ಷಿಗಳನ್ನು ಉಳಿಸುವ ಬಗೆ

ಈ ಎಲ್ಲ ಸಾಕ್ಷಿಗಳೂ ಬಲು ನಾಜೂಕಾದುವು. ಗುಜರಿಗೆ ಹೋದ ಸೆಟ್ಟಿನ ತಾಮ್ರವನ್ನು ಬಿಚ್ಚಿಕೊಂಡು ಉಳಿದುದನ್ನು ಎಸೆಯುವರು. ಅದರೊಡನೆ ಕ್ರಮಾಂಕವೂ ಹೋಯಿತು. ಇಷ್ಟೇ ಹಾನಿಯನ್ನು ಪ್ರೀತಿಯಿಂದ ಮಾಡುವವರೂ ಉಂಟು. ಪೆಟ್ಟಿಗೆ ಹೊಳೆಯಲೆಂದು ಹಿಂಬದಿಯ ಚೀಟಿಯನ್ನು ಉಜ್ಜಿ ತೆಗೆಯುವರು. ಗಾಜಿನ ಮೇಲಿನ ಮಸುಕು ಅಕ್ಷರಗಳನ್ನು ಕೊಳೆಯೆಂದು ಬಟ್ಟೆಯಿಂದ ಒರೆಸಿಬಿಡುವರು. ಹಳೆಯ ಕಂಡೆನ್ಸರುಗಳನ್ನು ಕಿತ್ತು ತಿಪ್ಪೆಗೆ ಹಾಕುವರು. ಸೆಟ್ಟು ಹಾಡುವುದು, ಆದರೆ ತನ್ನ ಕಥೆಯನ್ನು ಇನ್ನು ಹೇಳಲಾರದು.

ಆದುದರಿಂದ ಹಳೆಯ ಸೆಟ್ಟು ಕೈಗೆ ಬಂದಾಗ ಮೊದಲು ಮಾಡಬೇಕಾದುದು ಬರೆದುಕೊಳ್ಳುವ ಕೆಲಸ. ತಯಾರಕರ ಹೆಸರು, ಮಾದರಿ, ಕ್ರಮಾಂಕ, ಪ್ರತಿಯೊಂದು ಭಾಗದ ಮೇಲಿನ ಅಂಕೆ, ಡಯಲಿನ ಬರಹ, ಯಾರಿಂದ ಎಲ್ಲಿ ದೊರೆಯಿತು ಎಂಬ ವಿವರ ಇವನ್ನು ಕಂಡಂತೆಯೇ ಬರೆದು, ಚಿತ್ರ ತೆಗೆದು ಇಡಬೇಕು. ಅರ್ಥವಾಗದ ಅಂಕೆಯನ್ನೂ ಬಿಡಬಾರದು. ಬದಲಾಯಿಸಿದ ಭಾಗವನ್ನು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಬೇಕು.

ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದುದು. ಹಳೆಯ ಸೆಟ್ಟನ್ನು ಕಂಡೊಡನೆ ವಿದ್ಯುತ್ತಿಗೆ ಜೋಡಿಸಿ ನೋಡಬಾರದು. ವಾಲ್ವು ರೇಡಿಯೋಗಳ ಒಳಗೆ 200ರಿಂದ 300 ವೋಲ್ಟುಗಳ ಒತ್ತಡವಿರುವುದು. ಟ್ರಾನ್ಸ್‌ಫಾರ್ಮರಿಲ್ಲದ ಕೆಲವು ಮಾದರಿಗಳಲ್ಲಿ ಲೋಹದ ಚೌಕಟ್ಟೇ ನೇರವಾಗಿ ವಿದ್ಯುತ್ ತಂತಿಗೆ ಸೇರಿರುವುದು. ತಂತಿಯನ್ನು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುದಂಶ ಸ್ವಲ್ಪ ಕಾಲ ಉಳಿದಿರಬಹುದು. ಅಂಕೆಗಳನ್ನು ಬರೆದುಕೊಳ್ಳಲು ವಿದ್ಯುತ್ತಿನ ಅಗತ್ಯವೇ ಇಲ್ಲ. ಒಂದು ಟಾರ್ಚು, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ ಸಾಕು.

ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳು ಈ ಕೆಲಸವನ್ನು ಕೈಗೊಳ್ಳಬಹುದು. ಒಂದು ಊರಿನಲ್ಲಿ ಉಳಿದಿರುವ ಇಪ್ಪತ್ತು ಮೂವತ್ತು ಸೆಟ್ಟುಗಳ ಅಂಕೆಗಳನ್ನು ವಿದ್ಯಾರ್ಥಿಗಳು ಸಂಗ್ರಹಿಸಿ ಕಾಲಕ್ರಮದಲ್ಲಿ ಜೋಡಿಸಿದರೆ, ಆ ಊರಿಗೆ ರೇಡಿಯೋ ಯಾವಾಗ ಬಂದಿತು, ಯಾರ ಮನೆಗೆ ಮೊದಲು ಬಂದಿತು, ವಿದ್ಯುತ್ತಿಗೆ ಮುಂಚೆ ಬಂದಿತೋ ಅನಂತರವೋ ಎಂಬುದು ತಿಳಿಯುವುದು. ಸೆಟ್ಟನ್ನು ಕೊಂಡ ಹಿರಿಯರು ಇನ್ನೂ ಇದ್ದರೆ ಅವರ ಮಾತನ್ನೂ ಅಂಕೆಗಳ ಪಕ್ಕದಲ್ಲಿಯೇ ಬರೆದುಕೊಳ್ಳಬೇಕು. ಎರಡೂ ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಮತ್ತೊಮ್ಮೆ ಪೆಟ್ಟಿಗೆಯನ್ನು ತೆರೆದು ನೋಡಲು ಕಾರಣ ಸಿಕ್ಕಿತು. ಮುಂದಿನ ಬಾರಿ ಮನೆಯ ಅಟ್ಟವನ್ನು ಸ್ವಚ್ಛಮಾಡುವಾಗ ಹಳೆಯ ರೇಡಿಯೋ ಕಂಡರೆ, ಗುಜರಿಯವನನ್ನು ಕರೆಯುವ ಮೊದಲು ಅದರ ಬೆನ್ನಿನ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳಿ.